ಎತ್ತುವವರು

ಅನ್ಯಗ್ರಹದವರಾಗುವುದಕ್ಕೆ ಊರಿನಲ್ಲಿ ಯಾರೂ ಒಪ್ಪಲಿಲ್ಲ. ಅದಕ್ಕೇ ಆಟ ಆಡಿಸುವವರು ಆಚೆ ಸಾಲಿಗೆ ಬಂದರು.

ಆಚೆ ಸಾಲು ಎಂದರೆ ದೊಡ್ಡ ಚರಂಡಿಯ ಆ ಬದಿಗೆ ಒಂದಕ್ಕೊಂದು ಒರಗಿಕೊಂಡು ನಿಂತ ತಗಡಿನ ಮನೆಗಳು. ಊರಿನ ಯಾರ ಮನೆಯ ಕಕ್ಕಸಿನ ಗುಂಡಿ ತುಂಬಿದರೂ ಇಲ್ಲಿಂದ ಜನ ಹೋಗಬೇಕು. ದನ ಸತ್ತರೆ ಇಲ್ಲಿಂದ. ಅಂಗಡಿ ಮುಂದೆ ನಾಯಿ ಸತ್ತು ಬಿದ್ದರೆ, ಕೆರೆಯಲ್ಲಿ ಗುರುತಿಲ್ಲದ ಹೆಣ ತೇಲಿದರೆ, ಇಲ್ಲಿಂದಲೇ. ‘ಎತ್ತೋರನ್ನ ಕರೀರಿ’ ಎಂದರೆ ಸಾಕು, ಯಾರನ್ನು ಎಂದು ಊರಿನಲ್ಲಿ ಯಾರೂ ಕೇಳುತ್ತಿರಲಿಲ್ಲ. ಎತ್ತಿದ ಮೇಲೆ ಬಂದ ದಾರಿಯಲ್ಲೇ ವಾಪಸು ಹೋಗಬೇಕು. ಯಾರ ಬಾಗಿಲಲ್ಲೂ ನಿಂತು ನೀರು ಕೇಳಬಾರದು.

ಪಟ್ಟಣದಿಂದ ಬಂದ ಕಲಾವಿದೆಗೆ ಇದೆಲ್ಲ ಗೊತ್ತಿರಲಿಲ್ಲ. ಬಹಳ ವರ್ಷಗಳಿಂದ ಬಾಗಿಲು ಹಾಕಿದ್ದ ನೂಲಿನ ಗಿರಣಿಯನ್ನು ಆಕೆ ಪ್ರದರ್ಶನಕ್ಕೆಂದು ಕೇಳಿ ಪಡೆದಿದ್ದಳು. ಗೋಡೆಗೆಲ್ಲ ಹಸಿರು ದೀಪ, ಸೂರಿಗೆ ಕರುಳಿನಂತೆ ಇಳಿಬಿಟ್ಟ ಕೊಳವೆಗಳು, ಮೂಲೆಮೂಲೆಯಲ್ಲಿ ಕಣ್ಣಿಲ್ಲದ ಬೊಂಬೆಗಳು. ಪ್ರದರ್ಶನಕ್ಕೆ ‘ಆಕಾಶದ ಅತಿಥಿಗಳು’ ಎಂದು ಹೆಸರು. ಮೊದಲ ದಿನ ಒಂದು ಆಟ. ಗಿರಣಿಯ ಅಂಗಳದಲ್ಲಿ ಹಾರುವ ತಟ್ಟೆ ಇಳಿದಿರುತ್ತದೆ. ಒಳಗಿನಿಂದ ಅನ್ಯಗ್ರಹದವರು ಬರುತ್ತಾರೆ. ಊರಿನವರು ಒಬ್ಬೊಬ್ಬರ ಕೈಹಿಡಿದು ಒಳಗೆ ಕರೆದುಕೊಂಡು ಹೋಗಿ, ತಮ್ಮ ಜೊತೆ ಮೇಜಿಗೆ ಕೂರಿಸಿ, ತಮ್ಮ ಮನೆಯ ಲೋಟದಲ್ಲಿ ನೀರು ಕೊಡುತ್ತಾರೆ. ಪರಕೀಯರನ್ನು ನಮ್ಮವರನ್ನಾಗಿ ಮಾಡಿಕೊಳ್ಳುವುದು ಹೇಗೆ ಎಂದು ಈ ಊರು ಲೋಕಕ್ಕೆ ತೋರಿಸಲಿ ಎಂದು ಆಕೆ ಊರಿನ ಸಭೆಯಲ್ಲಿ ಹೇಳಿದಳು. ಎಲ್ಲರೂ ಚಪ್ಪಾಳೆ ತಟ್ಟಿದರು.

ಕೈಹಿಡಿಯುವವರಾಗಲು ನೂಕುನುಗ್ಗಲಾಯಿತು. ಬೂದು ಬಣ್ಣದ ರಬ್ಬರಿನ ಚರ್ಮ ತೊಟ್ಟು, ತಲೆಗೆ ಮುಖ ಮುಚ್ಚುವ ಕೊಡದಂಥ ಟೋಪಿ ಹಾಕಿಕೊಳ್ಳುವುದಕ್ಕೆ ಒಬ್ಬರೂ ಇಲ್ಲ.

‘ಆಚೆ ಸಾಲಿನೋರನ್ನ ಕೇಳಿ ಮೇಡಂ’ ಎಂದರು ಊರಿನ ಅಧ್ಯಕ್ಷರು. ‘ಅವರು ಎಲ್ಲದಕ್ಕೂ ಬರ್ತಾರೆ.’

ಮೊದಲು ಒಪ್ಪಿದವಳು ಬಾಯಿಬಡಕಿ. ಅಂಗಡಿಯಲ್ಲಿ ತೂಕ ಕಮ್ಮಿಯಾದರೆ ಬೀದಿಗೆಲ್ಲ ಕೇಳುವ ಹಾಗೆ ಹೇಳುತ್ತಿದ್ದಳು, ಅದಕ್ಕೇ ಆ ಹೆಸರು ಅಂಟಿಕೊಂಡಿತ್ತು. ಅವಳ ಗಂಡ ಉದ್ದಣ್ಣ ಬಾಗಿಲಲ್ಲಿ ತಲೆ ತಗ್ಗಿಸಿಯೇ ಒಳಗೆ ಬರಬೇಕಾದಷ್ಟು ಎತ್ತರದ ಆಳು. ಮಾತು ಕಮ್ಮಿ. ಇಬ್ಬರ ಪಾಲಿನ ಮಾತನ್ನೂ ಹೆಂಡತಿಯೇ ಆಡುತ್ತಾಳೆ ಎಂದು ನಗುತ್ತಿದ್ದ.

‘ನಾವು ಯಾವ ಭಾಷೆ ಮಾತಾಡ್ಬೇಕು?’ ಎಂದು ಅವಳು ಕಲಾವಿದೆಯನ್ನು ಕೇಳಿದಳು.

‘ನಿಮ್ಮ ಭಾಷೆನೇ ಆಡಿ. ಈ ಟೋಪಿಯೊಳಗೆ ಒಂದು ಯಂತ್ರ ಇದೆ. ನೀವು ಏನು ಹೇಳಿದ್ರೂ ಹೊರಗೆ ಗೊರಗೊರ ಅಂತ ಬೇರೆ ಥರ ಕೇಳುತ್ತೆ. ಯಾರಿಗೂ ಅರ್ಥ ಆಗಲ್ಲ.’

ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತಿದ್ದ ಅವಳ ಅತ್ತೆ ತಲೆಯಾಡಿಸಿದಳು. ‘ಅದಕ್ಕೆ ಟೋಪಿ ಯಾಕವ್ವ? ಈಗ ಮಾತ್ರ ಯಾರಿಗೆ ಅರ್ಥ ಆಗ್ತಿದೆ?’

ಕಲಾವಿದೆಗೆ ನಗು ಬಂತು. ಅತ್ತೆ ನಗಲಿಲ್ಲ.

ಅಭ್ಯಾಸದ ದಿನ ಬಾಯಿಬಡಕಿಯ ಪಾಲಿಗೆ ಬಂದವಳು ಟೈಲರಮ್ಮ. ದರ್ಜಿಯ ಹೆಂಡತಿ. ಆಚೆ ಸಾಲಿನವರು ಬಟ್ಟೆ ಹೊಲಿಸಲು ಕೊಟ್ಟರೆ ಬೆಂಚಿನ ಮೇಲಿಡು ಎನ್ನುವವಳು, ಹೊಲಿದದ್ದನ್ನು ಮೆಟ್ಟಿಲ ಮೇಲಿಟ್ಟು ಒಳಗೆ ಹೋಗುವವಳು. ಅವಳು ಈಗ ಬೂದು ರಬ್ಬರಿನ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡು ‘ಬನ್ನಿ, ಬನ್ನಿ’ ಎಂದಳು. ಕುರ್ಚಿ ಎಳೆದು ಕೂರಿಸಿದಳು. ತನ್ನ ಮನೆಯ ಗಾಜಿನ ಲೋಟ ಮುಂದಿಟ್ಟಳು. ರಬ್ಬರಿನ ಮೂಲಕವೇ ಅವಳ ಕೈಯ ಬಿಸಿ ತಾಗಿತು. ಬಾಯಿಬಡಕಿಗೆ ಏನನ್ನಿಸಿತೋ ಅವಳಿಗೇ ಹೇಳಲಾಗಲಿಲ್ಲ. ಮನೆಗೆ ಬಂದು ನಡೆದದ್ದನ್ನು ಗಂಡನಿಗೆ ಹೇಳಿದಳು.

‘ಹಂಗಾದ್ರೆ ನಂಗೂ ಒಂದು ಚರ್ಮ ಹೊಲಿಸು’ ಎಂದ ಉದ್ದಣ್ಣ. ‘ನನ್ನ ಅಳತೆಗೆ ಸಿಗುತ್ತೋ ಇಲ್ವೋ.’

‘ನೀನು ಆಟ ನೋಡೋಕೆ ಬಾ ಸಾಕು.’

‘ಬರ್ತೀನಿ. ಒಗೆದಿರೋ ಅಂಗಿ ಹಾಕ್ಕೊಂಡೇ ಬರ್ತೀನಿ.’

ಹಾಗೆಯೇ ಬಂದ. ತಮ್ಮನನ್ನೂ ತಾಯಿಯನ್ನೂ ಕರೆದುಕೊಂಡು, ತಲೆಗೆ ನೀರು ಹಚ್ಚಿ ಬಾಚಿಕೊಂಡು, ಗಿರಣಿಯ ಗೇಟಿನ ಹತ್ತಿರ ಗೋಡೆಗೆ ಒತ್ತಿ ನಿಂತ. ಪಟ್ಟಣದಿಂದ ಬಸ್ಸು ಬಸ್ಸು ಜನ ಬಂದಿದ್ದರು. ಕೊರಳಿಗೆ ಕ್ಯಾಮೆರಾ, ಕೈಯಲ್ಲಿ ಫೋನು. ಜಿಲ್ಲೆಯ ದೊಡ್ಡ ಅಧಿಕಾರಿ ಮಧ್ಯಾಹ್ನದ ಮೇಲೆ ಬರುವವರಿದ್ದರು. ಅಂಗಳದ ನಡುವೆ ಹಾರುವ ತಟ್ಟೆ ನಿಂತಿತ್ತು. ಬೆಳ್ಳಿ ಬಣ್ಣದ ದೊಡ್ಡ ಗುಮ್ಮಟ. ಅದರ ಕೆಳಗೆ ಇದ್ದದ್ದು ಊರಿನ ಆರೋಗ್ಯ ಕೇಂದ್ರದ ಆಂಬುಲೆನ್ಸು. ಸುಮ್ಮನೆ ನಿಂತಿರುತ್ತದೆ ಎಂದು ಅಧ್ಯಕ್ಷರೇ ಕೊಡಿಸಿದ್ದರು. ಅಂಗಳದಲ್ಲೇ ಅದರ ಮೇಲೆ ಗುಮ್ಮಟ ಕೂರಿಸಿ, ಸುತ್ತ ಬೋಲ್ಟು ಬಿಗಿದಿದ್ದರು.

ಊಟದ ಹೊತ್ತಿಗೆ ಗಿರಣಿಯ ಕಕ್ಕಸು ಉಕ್ಕಿತು.

ಅದಕ್ಕೆ ಬಿಳಿ ಬಣ್ಣ ಬಳಿದಿದ್ದರು, ಕನ್ನಡಿ ಹಾಕಿಸಿದ್ದರು. ಹಿಂದಿನ ಗುಂಡಿಯ ಮುಚ್ಚಳ ತೆಗೆದು ಯಾರೂ ನೋಡಿರಲಿಲ್ಲ. ಹೊಲಸು ಬಾಗಿಲು ದಾಟಿ ನಡೆಯುವ ದಾರಿಗೆ ಹರಿಯಿತು. ಪಟ್ಟಣದವರು ಮೂಗು ಮುಚ್ಚಿಕೊಂಡು ಓಡಿದರು. ಅಧ್ಯಕ್ಷರ ಕಣ್ಣು ಗೇಟಿನ ಹತ್ತಿರ ಎದ್ದು ಕಾಣುವ ತಲೆಯ ಮೇಲೆ ಬಿತ್ತು.

‘ಲೇ ಉದ್ದ, ಬಾ ಇಲ್ಲಿ.’

‘ಹೊಲಸು ಹೀರೋ ಪೈಪಿನ ಗಾಡಿ ಕರೆಸಿ ಅಧ್ಯಕ್ಷರೇ. ಹಳೇ ಗುಂಡಿ, ಬಹಳ ದಿನ ಮುಚ್ಚಿದ್ದು, ವಿಷಗಾಳಿ ತುಂಬಿರುತ್ತೆ.’

‘ಗಾಡಿ ನಾಳೆ ಬರುತ್ತಂತೆ. ಸಾಹೇಬ್ರು ಈಗ ಬರ್ತಾರೆ. ಮೇಲೆಮೇಲೆ ಬಳಿದು ಹಾಕು, ಅಷ್ಟೇ.’

ಬಟ್ಟೆ ತೊಡಿಸುವ ಕೋಣೆಯ ಕಿಟಕಿ ಹಿಂದಿನ ಅಂಗಳಕ್ಕೆ ತೆರೆದಿತ್ತು. ಬಾಯಿಬಡಕಿ ಅಷ್ಟರಲ್ಲಿ ಕುತ್ತಿಗೆಯವರೆಗೆ ರಬ್ಬರಿನೊಳಗಿದ್ದಳು. ಬೆನ್ನ ಹಿಂದೆ ಯಾರೋ ಜಿಪ್ಪು ಎಳೆಯುತ್ತಿದ್ದರು. ಗಂಡ ಅಂಗಿ ಬಿಚ್ಚಿ, ಮಡಿಸಿ, ತಮ್ಮನ ಕೈಗೆ ಕೊಡುವುದನ್ನು ನೋಡಿದಳು.

‘ಏಯ್, ಒಳಗೆ ಇಳೀಬೇಡ’ ಎಂದು ಕೂಗಿದಳು.

‘ಇಳಿಯಲ್ಲ. ಮೇಲಿಂದಾನೇ ಎಳೀತೀನಿ. ನೀನು ಹೋಗು, ನಿನ್ನ ಆಟ ಶುರು ಆಗುತ್ತೆ.’

ಅವಳ ತಲೆಗೆ ಟೋಪಿ ಇಟ್ಟು ಹಿಂದಿನಿಂದ ಕೊಕ್ಕೆ ಹಾಕಿದರು.

ಹೊಗೆ ಬಿಟ್ಟರು. ಹಾರುವ ತಟ್ಟೆಯ ಹಿಂಬಾಗಿಲು ತೆರೆಯಿತು. ಆಚೆ ಸಾಲಿನ ಹೆಂಗಸರೂ ಗಂಡಸರೂ ಒಬ್ಬೊಬ್ಬರಾಗಿ ಇಳಿದರು. ದೊಡ್ಡ ಅಧಿಕಾರಿ ಮುಂದಿನ ಕುರ್ಚಿಯಲ್ಲಿ ಕೂತಿದ್ದರು. ಟೈಲರಮ್ಮ ಹೊಸ ಬಟ್ಟೆ ಉಟ್ಟು ಬಂದು ಅವಳ ಕೈ ಹಿಡಿದಳು. ಆಗ ಗಿರಣಿಯ ಮೂಲೆ ತಿರುಗಿ ಮೈದುನ ಓಡಿಬಂದ. ಕೈ ಎರಡೂ ಭುಜದವರೆಗೆ ಹೊಲಸು. ಯಾವ ಬೂದು ಮೈ ತನ್ನ ಅತ್ತಿಗೆಯದು ಎಂದು ಗೊತ್ತಾಗದೆ ಎಲ್ಲರತ್ತ ತಿರುಗಿ ತಿರುಗಿ ಕೂಗಿದ.

‘ಅತ್ತಿಗೆ, ಅಣ್ಣ ಒಳಗೆ ಬಿದ್ದ. ಬಕೆಟ್ ಸಿಕ್ಕೊಂಡಿತ್ತು, ಬಿಡಿಸೋಕೆ ಎರಡು ಮೆಟ್ಲು ಇಳಿದ, ಅಲ್ಲೇ ಬಿದ್ದ. ಎಲ್ಲಿದ್ದೀಯ ಅತ್ತಿಗೆ?’

ಅವಳು ಇಲ್ಲಿದ್ದೀನಿ ಎಂದಳು. ಸ್ಪೀಕರಿನಿಂದ ಗೊರಗೊರ ಸದ್ದು ಬಂತು. ಅವಳು ಕಿರುಚಿದಳು, ಬಿಡಿ, ನನ್ನ ಗಂಡ ಸಾಯ್ತಿದ್ದಾನೆ, ಯಾರಾದ್ರೂ ಬನ್ನಿ ಎಂದಳು. ಸದ್ದು ಜೋರಾಯಿತು. ಮೈದುನನೂ ಆಟದವನೇ ಎಂದುಕೊಂಡು ಜನ ನಕ್ಕರು. ಯಾರೋ ಚಪ್ಪಾಳೆ ಶುರುಮಾಡಿದರು, ಉಳಿದವರು ಸೇರಿಕೊಂಡರು. ಅವಳು ಟೈಲರಮ್ಮನ ಭುಜ ಹಿಡಿದು ಅಲ್ಲಾಡಿಸಿದಳು. ಟೈಲರಮ್ಮ ಕ್ಯಾಮೆರಾ ಕಡೆ ಮುಖ ಮಾಡಿ ನಗುತ್ತಲೇ ಇದ್ದಳು. ಟೋಪಿ ತೆಗೆಯಲು ಹೋದರೆ ಕೊಕ್ಕೆ ಹಿಂದಿತ್ತು, ರಬ್ಬರಿನ ಬೆರಳುಗಳು ಜಾರುತ್ತಿದ್ದವು. ಕಲಾವಿದೆ ಪಕ್ಕದವರಿಗೆ ‘ಎಷ್ಟು ಚೆನ್ನಾಗಿ ಮಾಡ್ತಿದ್ದಾಳೆ ನೋಡಿ’ ಎಂದಳು.

ಬಾಯಿಬಡಕಿ ಕೈ ಕೊಸರಿಕೊಂಡು ಓಡಿದಳು. ಬೂದು ಮೈಯವರೆಲ್ಲ ಅವಳ ಹಿಂದೆ ಓಡಿದರು. ಚಪ್ಪಾಳೆ ಇನ್ನೂ ಹೆಚ್ಚಾಯಿತು.

ಹಿಂದಿನ ಅಂಗಳದಲ್ಲಿ ಮೈದುನ ಮುಖಕ್ಕೆ ಬಟ್ಟೆ ಸುತ್ತಿಕೊಂಡು ಗುಂಡಿಯ ಬಾಯಿಗೆ ಹೊಟ್ಟೆ ಕೊಟ್ಟು ಮಲಗಿದ. ಮೂವರು ಅವನ ಕಾಲು ಹಿಡಿದುಕೊಂಡರು. ಹಗ್ಗದ ಕುಣಿಕೆ ಅಣ್ಣನ ಕಂಕುಳಿಗೆ ಸಿಕ್ಕಿತು. ಎಳೆದರು. ಎತ್ತರದ ಆಳು, ಬೇಗ ಬರಲಿಲ್ಲ. ಮೊಣಕೈ ಅಂಚಿಗೆ ತರಚಿತು, ಗಲ್ಲ ತರಚಿತು. ಮೇಲೆ ಬಂದ. ಅತ್ತೆ ಸೊಸೆಯ ಟೋಪಿಯ ಕೊಕ್ಕೆ ಕಿತ್ತಳು. ಬಾಯಿಬಡಕಿ ಗಂಡನ ಬಾಯಿಗೆ ಬೆರಳು ಹಾಕಿ ಹೊಲಸು ತೆಗೆದಳು, ಎದೆಗೆ ಕಿವಿ ಇಟ್ಟಳು.

‘ಉಸಿರಾಡ್ತಿದ್ದಾನೆ. ಎತ್ತಿ.’

ನಿಜವಾಗಿ ಉಸಿರಾಡುತ್ತಿದ್ದ. ಅಲ್ಲಿದ್ದವರೆಲ್ಲ ನೋಡಿದ್ದಾರೆ. ಎದೆ ಏರುತ್ತಿತ್ತು, ಇಳಿಯುತ್ತಿತ್ತು, ಒಮ್ಮೆ ಕೆಮ್ಮಿದ ಕೂಡ. ಅವನನ್ನು ಹೊತ್ತುಕೊಂಡು ಮುಂದಿನ ಅಂಗಳಕ್ಕೆ ಬಂದರು. ಆಸ್ಪತ್ರೆ ಇದ್ದದ್ದು ಪಟ್ಟಣದಲ್ಲಿ. ಊರಿನಲ್ಲಿದ್ದ ಆಂಬುಲೆನ್ಸು ಒಂದೇ. ಅದು ಬೆಳ್ಳಿ ಗುಮ್ಮಟದ ಕೆಳಗೆ.

‘ಗೇಟಲ್ಲಿ ಹಾಯಲ್ಲ ತಾಯಿ’ ಎಂದ ಡ್ರೈವರು. ಅವನಿಗೂ ಬೆಳ್ಳಿ ಬಟ್ಟೆ ತೊಡಿಸಿದ್ದರು. ‘ಮೇಲಿಂದು ಬಿಚ್ಚಬೇಕು. ಅಧ್ಯಕ್ಷರು ಹೂಂ ಅಂದ್ರೆ ಬಿಚ್ಚಿಸ್ತೀನಿ.’

ದೊಡ್ಡ ಅಧಿಕಾರಿ ಮೈಕಿನ ಮುಂದೆ ಮಾತಾಡುತ್ತಿದ್ದರು. ಅಧ್ಯಕ್ಷರು ಎದ್ದು ಬಂದು ಅವಳನ್ನು ಬದಿಗೆ ತಳ್ಳುವಂತೆ ಕೈ ಬೀಸಿದರು, ತಳ್ಳಲಿಲ್ಲ.

‘ಭಾಷಣ ಮುಗೀಲಿ. ಸಾಹೇಬ್ರು ಇದರ ಮುಂದೆ ಫೋಟೋ ತೆಗೆಸ್ಕೋಬೇಕು. ಆಮೇಲೆ ಬಿಚ್ಚೋಣ.’

‘ಅಣ್ಣಾ, ಉಸಿರು ಹೋಗ್ತಿದೆ ಅವನದು. ನಿಮ್ಮ ಕಾರಾದ್ರೂ ಕೊಡಿ.’

‘ಕಾರಲ್ಲಾ?’ ಅಧ್ಯಕ್ಷರು ಉದ್ದಣ್ಣನನ್ನು ನೋಡಿ ಮುಖ ತಿರುಗಿಸಿದರು. ‘ಮೊದಲು ತೊಳೀರಿ ಅವನನ್ನ. ಈ ಸ್ಥಿತೀಲಿ ಆಂಬುಲೆನ್ಸಿಗೆ ಹತ್ತಿಸೋಕಾಗುತ್ತಾ? ನಾಳೆ ನಮ್ಮ ಮನೆಯೋರೂ ಅದರಲ್ಲೇ ಮಲಗಬೇಕು.’

ತೊಳೆದರೆ ಕೊಡುತ್ತಾರೆ ಎಂದುಕೊಂಡಳು. ಗೇಟಿನ ಪಕ್ಕದ ನಲ್ಲಿಯ ಕೆಳಗೆ ಮಲಗಿಸಿದರು. ಅತ್ತೆ ಮಗನ ತಲೆ ತೊಡೆಯ ಮೇಲಿಟ್ಟುಕೊಂಡಳು. ಬಾಯಿಬಡಕಿ ಎದೆ ಉಜ್ಜಿದಳು, ಕೈ ಉಜ್ಜಿದಳು, ಉಗುರಿನ ಸಂದಿ ಉಜ್ಜಿದಳು. ರಬ್ಬರಿನ ಕೈಗೆ ಏನೂ ಹತ್ತುತ್ತಿರಲಿಲ್ಲ. ಮೈಕಿನಲ್ಲಿ ಅಧಿಕಾರಿ ಮನುಷ್ಯತ್ವಕ್ಕೆ ಗಡಿಗಳಿಲ್ಲ ಎನ್ನುತ್ತಿದ್ದರು. ನಲ್ಲಿಯ ನೀರು ಸಣ್ಣಗೆ ಬರುತ್ತಿತ್ತು. ಉಜ್ಜುತ್ತಾ ಉಜ್ಜುತ್ತಾ ಯಾವಾಗಲೋ ಎದೆ ಏರುವುದು ನಿಂತಿತು. ಅವಳು ಉಜ್ಜುತ್ತಲೇ ಇದ್ದಳು.

ನೋಡುವವರ ಗುಂಪಿನಿಂದ ಆರೋಗ್ಯ ಕೇಂದ್ರದ ನರ್ಸಮ್ಮ ನುಗ್ಗಿ ಬಂದಳು. ನೆಲಕ್ಕೆ ಮಂಡಿಯೂರಿ ಕತ್ತಿನ ನರ ಹಿಡಿದು ನೋಡಿದಳು. ಎದೆ ಒತ್ತಿದಳು. ಬಹಳ ಹೊತ್ತು ಒತ್ತಿದಳು.

‘ಸಾಕು ಬಿಡವ್ವ’ ಎಂದಳು ಕೊನೆಗೆ. ‘ಸಾಕು ಬಿಡು.’

ಆಚೆ ಸಾಲಿನವರು ಸುತ್ತ ನಿಂತಿದ್ದರು. ಇನ್ನು ಮುಂದಿನದು ಅವರಿಗೆ ಗೊತ್ತಿದ್ದ ಕೆಲಸವೇ. ಮೈದುನ ಅಣ್ಣನ ಕಂಕುಳಿಗೆ ಕೈ ಕೊಟ್ಟ. ಇಬ್ಬರು ಕಾಲಿನ ಕಡೆ ಬಂದರು. ಅಳುತ್ತಿದ್ದರೂ ಕೈಗಳು ತಾವಾಗಿ ಹೋಗಿ ಎಲ್ಲಿ ಹಿಡಿಯಬೇಕೋ ಅಲ್ಲಿ ಹಿಡಿದವು. ಗೇಟಿನ ಕಡೆ ತಿರುಗಿದರು.

‘ಅಲ್ಲಿಗಲ್ಲ’ ಎಂದಳು ಬಾಯಿಬಡಕಿ. ‘ಒಳಗೆ.’

‘ಒಳಗೆ ಎಲ್ಲಿಗೆ ಅತ್ತಿಗೆ?’

‘ನಮ್ಮನ್ನ ಕೂರಿಸೋಕೆ ಮೇಜು ಹಾಕಿದ್ದಾರಲ್ಲ, ಅಲ್ಲಿಗೆ.’

ಯಾರೂ ತಡೆಯಲಿಲ್ಲ. ತಡೆಯಬೇಕಾದರೆ ಮುಟ್ಟಬೇಕಿತ್ತು. ಹಸಿರು ದೀಪದ ಕೆಳಗೆ ಉದ್ದ ಮೇಜಿಗೆ ಬಿಳಿ ಬಟ್ಟೆ ಹಾಸಿ, ಊರಿನ ಮನೆಮನೆಯ ಲೋಟಗಳನ್ನು ಸಾಲಾಗಿ ಜೋಡಿಸಿದ್ದರು. ಅವಳು ಮೊಣಕೈಯಿಂದ ಲೋಟಗಳನ್ನು ಸರಿಸಿದಳು. ಕೆಲವು ಬಿದ್ದು ಒಡೆದವು. ಉದ್ದಣ್ಣನನ್ನು ಮಲಗಿಸಿದರು. ಅವನಿಗೆ ಸರಿಹೊಂದುವಷ್ಟು ಉದ್ದದ ಮಂಚ ಅವನ ಮನೆಯಲ್ಲಿ ಇರಲಿಲ್ಲ. ಈ ಮೇಜಿನ ಮೇಲೆ ಕಾಲು ಪೂರ್ತಿ ಚಾಚಿ ಮಲಗಿದ.

ದೊಡ್ಡ ಅಧಿಕಾರಿಯ ಕಾರು ಹೊರಟುಹೋದ ಸದ್ದು ಕೇಳಿತು. ಅಧ್ಯಕ್ಷರು ಬಾಗಿಲಲ್ಲಿ ಬಂದು ನಿಂತರು.

‘ಆಗಿದ್ದು ಆಗಿಹೋಯ್ತು. ಪಾಪ, ಒಳ್ಳೆ ಆಳು. ಮುಂದಿನ ಖರ್ಚೆಲ್ಲ ನಾವು ನೋಡ್ಕೋತೀವಿ. ಈಗ ತಗೊಂಡು ಹೋಗಿ.’

‘ನಾವು ಎತ್ತಲ್ಲ’ ಎಂದಳು.

‘ಏನು?’

‘ನಾವು ಎತ್ತಲ್ಲ. ನೀವು ಕರೆದ್ರಿ, ಬಂದ. ನೀವು ಇಳಿಸಿದ್ರಿ, ಇಳಿದ. ಈಗ ನೀವೇ ಎತ್ತಿ.’

ಅವಳು ಮೇಜಿನ ತಲೆಯ ಕಡೆ ನೆಲದಲ್ಲಿ ಕೂತಳು. ಅತ್ತೆ ಕೂತಳು. ಮೈದುನ ಕೂತ. ಬೂದು ಚರ್ಮದವರೆಲ್ಲ ಟೋಪಿ ಕಳಚಿ ಪಕ್ಕಕ್ಕಿಟ್ಟು ಒಬ್ಬೊಬ್ಬರಾಗಿ ಕೂತರು. ಯಾರೂ ಮೊದಲೇ ಮಾತಾಡಿಕೊಂಡಿರಲಿಲ್ಲ. ಹುಟ್ಟಿದಾಗಿನಿಂದ ಎತ್ತಿದವರು. ಊದಿದ ಎಮ್ಮೆ ಎತ್ತಿದವರು, ರೈಲಿಗೆ ಸಿಕ್ಕವನ ಚೂರು ಆರಿಸಿದವರು. ಕೂತೇ ಇದ್ದರು.

ಕಲಾವಿದೆ ಅಳುತ್ತಾ ಬಂದಳು. ಬಾಯಿಬಡಕಿಯ ಮುಂದೆ ನೆಲದ ಮೇಲೆ ಕೂತಳು.

‘ನಂಗೆ ಗೊತ್ತಿರಲಿಲ್ಲ. ದೇವರಾಣೆ ಗೊತ್ತಿರಲಿಲ್ಲ.’

‘ಕಕ್ಕಸು ತುಂಬಿದ್ದು ಗೊತ್ತಿತ್ತಲ್ಲ?’

ಕಲಾವಿದೆ ಕಣ್ಣೊರೆಸಿಕೊಂಡಳು. ಆಮೇಲೆ ಸಣ್ಣ ದನಿಯಲ್ಲಿ, ‘ನಿಮ್ಮಂಥವರಿಗಾಗಿಯೇ ಇದನ್ನು ಮಾಡಿದ್ದು. ಹೊರಗಿಟ್ಟವರನ್ನು ಒಳಗೆ ಕರೆಯೋದು ಹೇಗೆ ಅಂತ’ ಎಂದಳು.

‘ಅದಕ್ಕೆ ನಾವು ಆಕಾಶದಿಂದ ಇಳೀಬೇಕಿತ್ತಾ ಮೇಡಂ? ಚರಂಡಿ ಆ ಕಡೆಯಿಂದ ಬಂದ್ರೆ ಆಗ್ತಿರಲಿಲ್ವಾ?’

ಕಲಾವಿದೆ ಎದ್ದು ಹೋದಳು. ಹೋಗುವಾಗ ಹಸಿರು ದೀಪ ಆರಿಸಿದಳು. ಅಷ್ಟು ಮಾಡಿದಳು.

ಹೊತ್ತು ಇಳಿಯಿತು. ಸೆಕೆಯಲ್ಲಿ ನೊಣ ಬಂದವು. ಅತ್ತೆ ಬೀಸುತ್ತಾ ಕೂತಳು. ರಬ್ಬರಿನೊಳಗೆ ಬೆವರು ಇಳಿದು ಪಾದದಲ್ಲಿ ನಿಂತಿತ್ತು, ಬಾಯಿಬಡಕಿ ಬಿಚ್ಚಲಿಲ್ಲ. ಅಧ್ಯಕ್ಷರು ಬಾಗಿಲಿನಿಂದಲೇ ಒಂದೊಂದನ್ನಾಗಿ ಹೇಳಿದರು. ನಾಳೆಯಿಂದ ಆಚೆ ಸಾಲಿಗೆ ನೀರಿಲ್ಲ. ಅಂಗಡಿಯಲ್ಲಿ ಸಾಮಾನಿಲ್ಲ. ಯಾರಿಗೂ ಕೆಲಸ ಇಲ್ಲ.

‘ಯಾವ ಕೆಲಸ?’ ಎಂದಳು ಅತ್ತೆ, ಮಗನ ಮುಖದ ಮೇಲಿಂದ ಕಣ್ಣು ತೆಗೆಯದೆ. ‘ಇದಾ?’

ಪೊಲೀಸರು ಬಂದರು. ಎತ್ತಿ ಎಂದು ಅಧ್ಯಕ್ಷರು ಅವರಿಗೆ ಹೇಳಿದರು. ಅವರು ಮುಖ ಮುಖ ನೋಡಿಕೊಂಡರು. ನಲ್ಲಿಯ ನೀರಿಗೆ ವಾಸನೆ ಹೋಗಿರಲಿಲ್ಲ. ಹಿರಿಯ ಪೊಲೀಸು ಮೈದುನನ ಮುಂದೆ ನಿಂತು ‘ಏಳೋ, ಎತ್ತು’ ಎಂದ. ಮೈದುನ ಏಳಲಿಲ್ಲ. ಲಾಠಿ ಭುಜಕ್ಕೆ ಬಿತ್ತು. ಏಳಲಿಲ್ಲ. ಬೆನ್ನಿಗೆ ಬಿತ್ತು, ಮಂಡಿಗೆ ಬಿತ್ತು. ಅವನು ಅಣ್ಣನ ಮಡಿಸಿದ ಅಂಗಿಯನ್ನು ಹೊಟ್ಟೆಗೆ ಒತ್ತಿಕೊಂಡು ಮುಂದಕ್ಕೆ ಬಗ್ಗಿದ. ಕೈ ಮಾತ್ರ ಚಾಚಲಿಲ್ಲ. ನರ್ಸಮ್ಮ ಅಡ್ಡ ಬಂದು ನಿಂತಳು. ಪಟ್ಟಣದವರು ಹೊರಗಿನಿಂದ ಇನ್ನೂ ಫೋನು ಎತ್ತಿ ಹಿಡಿದಿದ್ದರು. ಪೊಲೀಸು ಲಾಠಿ ಕೆಳಗಿಳಿಸಿದ.

ಆಮೇಲೆ ಜೆಸಿಬಿ ಬಂತು.

ಪಕ್ಕದ ರಸ್ತೆ ಕೆಲಸಕ್ಕೆ ತಂದದ್ದನ್ನು ಅಧ್ಯಕ್ಷರು ಫೋನು ಮಾಡಿ ಕರೆಸಿದ್ದರು. ಕರೆದ ಕೂಡಲೇ ಬಂತು. ಗಿರಣಿಯ ದೊಡ್ಡ ಬಾಗಿಲು ಎರಡೂ ಕಡೆ ತೆರೆದರು. ಹಳದಿ ಯಂತ್ರ ಬೊಂಬೆಗಳನ್ನು ಉರುಳಿಸುತ್ತಾ, ಕೊಳವೆಗಳನ್ನು ಹರಿಯುತ್ತಾ ಒಳಗೆ ಬಂದು ಮೇಜಿನ ಮುಂದೆ ಬಕೆಟ್ಟು ಇಳಿಸಿತು. ಮಣ್ಣು ಮೆತ್ತಿದ ಕಬ್ಬಿಣದ ಹಲ್ಲುಗಳು ಬಿಳಿ ಬಟ್ಟೆಗೆ ತಾಗಿದವು.

ಆಗ ಅವಳಿಗೆ ಅರ್ಥವಾಯಿತು. ಬದುಕಿದ್ದವನಿಗೆ ಯಂತ್ರ ಇರಲಿಲ್ಲ. ಹೆಣಕ್ಕೆ ಇದೆ. ಮುಟ್ಟುವುದು ತಪ್ಪುವುದಾದರೆ ಯಾವ ಯಂತ್ರ ಬೇಕಾದರೂ ಬರುತ್ತದೆ.

ಅವಳು ಎದ್ದು ಹೋಗಿ ಬಕೆಟ್ಟಿನೊಳಗೆ ಹತ್ತಿ ಮಲಗಿದಳು. ಮಣ್ಣಿನ ಮೇಲೆ, ಬೂದು ಚರ್ಮದಲ್ಲೇ, ಅಂಗಾತ.

‘ನನ್ನನ್ನ ಮೊದಲು ಎತ್ತು’ ಎಂದಳು.

ಜೆಸಿಬಿ ಓಡಿಸುವವನು ಬೇರೆ ಊರಿನವನು. ಏನೋ ಗೋಡೆ ಕೆಡವಬೇಕು ಎಂದುಕೊಂಡು ಬಂದಿದ್ದ. ಮೇಲಿನಿಂದ ಬಗ್ಗಿ ಅವಳನ್ನು ನೋಡಿದ, ಮೇಜಿನ ಮೇಲಿದ್ದವನನ್ನು ನೋಡಿದ. ಇಂಜಿನ್ ಆರಿಸಿದ. ಇಳಿದು ಬಂದ.

‘ಯಾಕಯ್ಯ ನಿಲ್ಲಿಸಿದೆ?’ ಎಂದರು ಅಧ್ಯಕ್ಷರು.

‘ನಾನು ಮಣ್ಣೆತ್ತೋನು ಸ್ವಾಮಿ’ ಎಂದ ಅವನು. ಬೀಗದ ಕೈ ಜೇಬಿಗೆ ಹಾಕಿಕೊಂಡು, ಬಂದ ಬಾಗಿಲಿನಿಂದಲೇ ನಡೆದು ಹೋದ.

ಸದ್ದಡಗಿತು. ಯಂತ್ರ ಮೇಜಿನ ಮುಂದೆ ನಿಂತುಬಿಟ್ಟಿತ್ತು. ಅಧ್ಯಕ್ಷರ ಫೋನು ಮತ್ತೆ ಮತ್ತೆ ಹೊಡೆದುಕೊಳ್ಳುತ್ತಿತ್ತು. ಪಟ್ಟಣದವರು ತೆಗೆದ ಚಿತ್ರಗಳು ಅಷ್ಟರಲ್ಲಿ ಎಲ್ಲೆಲ್ಲಿಗೋ ತಲುಪಿದ್ದವು. ದೊಡ್ಡ ಅಧಿಕಾರಿ ಕಾರಿನಿಂದಲೇ ಬೈಯುತ್ತಿರುವುದು ನಿಂತವರಿಗೂ ಕೇಳುತ್ತಿತ್ತು. ಕತ್ತಲಾಗುವುದರೊಳಗೆ ಹೆಣ ಅಲ್ಲಿರಬಾರದು. ಯಾರಾದರೂ ಎತ್ತಲಿ, ಇಲ್ಲದಿದ್ದರೆ ನೀನೇ ಎತ್ತು.

ಅಧ್ಯಕ್ಷರು ಊರಿನವರ ಕಡೆ ತಿರುಗಿದರು. ಎಲ್ಲರೂ ನೆಲ ನೋಡಿದರು. ಟೈಲರಮ್ಮನ ಗಂಡ, ತಲೆ ಬಗ್ಗಿಸಿ ಹೊಲಿಯುವುದು ಬಿಟ್ಟು ಬೇರೇನೂ ಗೊತ್ತಿಲ್ಲದ ಮನುಷ್ಯ, ಮುಂದೆ ಬಂದ. ಅವನ ಹೆಂಡತಿ ಹಿಂದಿನಿಂದ ಅಂಗಿ ಜಗ್ಗಿದಳು. ಅವನು ಬಿಡಿಸಿಕೊಂಡ. ಇನ್ನಿಬ್ಬರು ಬಂದರು. ಇನ್ನೂ ಒಂದು ಕೈ ಬೇಕಾಯಿತು. ಅಧ್ಯಕ್ಷರು ಸುತ್ತ ನೋಡಿದರು. ನೋಡುತ್ತಾ ನಿಂತರು. ಕೊನೆಗೆ ಅಂಗಿಯ ತೋಳು ಮಡಿಸಿಕೊಂಡು ಮೇಜಿನ ತಲೆಯ ಕಡೆ ಬಂದರು.

ಬಾಯಿಬಡಕಿ ಬಕೆಟ್ಟಿನಿಂದ ಇಳಿದಳು. ಅತ್ತೆಗೆ ಬೆನ್ನು ಕೊಟ್ಟು ನಿಂತಳು. ಅತ್ತೆ ಜಿಪ್ಪು ಎಳೆದಳು. ರಬ್ಬರು ಬೆವರಿನ ಸಮೇತ ಕಾಲ ಬುಡಕ್ಕೆ ಬಿತ್ತು. ಒಳಗಿನ ಹಳೇ ಬಟ್ಟೆಯಲ್ಲಿ, ಬೆವತು ಸುಕ್ಕಾದ ಬರಿಗೈಯಲ್ಲಿ, ಆ ದಿನ ಮೊದಲ ಸಲ ಗಂಡನ ಮುಖ ಮುಟ್ಟಿದಳು. ತಣ್ಣಗಿತ್ತು.

ಅಧ್ಯಕ್ಷರು ಭುಜದ ಹತ್ತಿರ ಕೈ ತಂದು, ಎಲ್ಲಿ ಹಿಡಿಯಬೇಕೆಂದು ತಿಳಿಯದೆ ತಡವರಿಸುತ್ತಿದ್ದರು.

‘ತಲೆ ನಾನು ಹಿಡೀತೀನಿ’ ಎಂದಳು. ‘ನೀವು ಕಾಲು ಹಿಡೀರಿ.’

ಅವರು ಸುತ್ತಿ ಹೋಗಿ ಕಾಲಿನ ಕಡೆ ನಿಂತರು. ಬಗ್ಗಿದರು. ಇಡೀ ಊರು ನೋಡಿತು. ಅವಳು ನೋಡಲಿಲ್ಲ. ಗಂಡನ ಕಿವಿಯ ಹಿಂದೆ, ಕೂದಲ ಬುಡದಲ್ಲಿ, ಎಷ್ಟು ತೊಳೆದರೂ ಹೋಗದ ಹೊಲಸು ಒಣಗಿ ಅಂಟಿಕೊಂಡಿತ್ತು. ಅದನ್ನು ಉಗುರಿನಿಂದ ಮೆಲ್ಲಗೆ ಕೆರೆದು ತೆಗೆಯುತ್ತಾ ಅವನ ತಲೆಯ ಭಾರವನ್ನು ಎರಡೂ ಅಂಗೈಗೆ ತೆಗೆದುಕೊಂಡಳು.